ಮುಚ್ಚಬೇಡಿ ಮೇಡಂ, ಇಳಿಸಿಕೊಳ್ಳಿ

ನನ್ನ ತಮ್ಮ ಏನು ಕೆಲಸದಲ್ಲಿದ್ದಾನೆ ಅಂತ ಯಾರಾದರೂ ಕೇಳಿದರೆ ಅಮ್ಮ ಬ್ಯಾಂಕಿನಲ್ಲಿದ್ದಾನೆ ಅನ್ನುತ್ತಾಳೆ. ನಿಜ, ಆದರೆ ಅರ್ಧ ನಿಜ. ಕ್ರೆಡಿಟ್ ಕಾರ್ಡು ಸಾಕಾಯಿತು, ಮುಚ್ಚಿಬಿಡಿ ಅಂತ ಫೋನು ಮಾಡುವವರನ್ನು ಮಾತಲ್ಲಿ ಮರುಳು ಮಾಡಿ, ಮುಚ್ಚದಂತೆ ನೋಡಿಕೊಳ್ಳುವುದು ಅವನ ಕೆಲಸ. ಹೊರಟು ನಿಂತವರ ಚಪ್ಪಲಿ ಬಚ್ಚಿಡೋ ಕೆಲಸ ಅಂತ ನಾನು ರೇಗಿಸುತ್ತಿದ್ದೆ. ಚಿಕ್ಕಂದಿನಲ್ಲಿ ಮನೆಯವರೆಲ್ಲ ಅವನನ್ನು ಬೆಣ್ಣೆ ಅಂತ ಕರೆಯುತ್ತಿದ್ದೆವು. ಕಿಟಕಿಯ ಗಾಜು ಒಡೆದು ಬಂದವನು, ಗಾಜು ಒಡೆಸಿಕೊಂಡ ಮನೆಯವರ ಕೈಯಲ್ಲೇ ಬಿಸ್ಕತ್ತು ಇಸಕೊಂಡು ಬರುತ್ತಿದ್ದ. ಅಂಥವನಿಗೆ ದೇವರೇ ಹುಡುಕಿ ಕೊಟ್ಟ ಕೆಲಸ ಅದು.

ನನ್ನದು ಹಲ್ಲಿನ ಕೆಲಸ. ಡಾಕ್ಟರಲ್ಲ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದ ಮೇಲೆ ಹಲ್ಲು ಕೂರಿಸಿ, ಹಲ್ಲುಸೆಟ್ಟು ಮಾಡಿಕೊಡುತ್ತೇನೆ. ಮನೆಯ ಹಿಂದಿನ ಕೋಣೆಯೇ ನನ್ನ ಲ್ಯಾಬು. ಯಾವಾಗ ನೋಡಿದರೂ ಮೇಜಿನ ಮೇಲೆ ಹತ್ತಾರು ಬಾಯಿಗಳು ಹಲ್ಲು ಕಿರಿದುಕೊಂಡು ಕೂತಿರುತ್ತವೆ, ಒಂದೂ ಮಾತಾಡುವುದಿಲ್ಲ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಕಾರ್ಡು ನನ್ನ ಹೆಸರಿನದು, ಅದರ ಆಸೆ ಮಾತ್ರ ನನ್ನ ಗಂಡನದು. ಅವನು ಆಸ್ಪತ್ರೆಗಳಿಗೆ ಯಂತ್ರ ಮಾರುವ ಕಂಪನಿಯಲ್ಲಿದ್ದ, ಊರೂರು ಸುತ್ತುವವನು. ದೊಡ್ಡ ಕಾರ್ಡು ಇದ್ದವರಿಗೆ ವಿಮಾನ ನಿಲ್ದಾಣದಲ್ಲಿ ಬೇರೆಯೇ ಕೋಣೆಯಂತೆ, ಮೆತ್ತನೆಯ ಸೋಫಾ ಅಂತೆ, ಪುಕ್ಕಟೆ ಕಾಫಿಯಂತೆ. ಅವನ ಸಂಬಳ ಕಮಿಷನ್ನಿನದು, ಈ ತಿಂಗಳು ಏರಿದರೆ ಮುಂದಿನ ತಿಂಗಳು ಇಳಿಯುವಂಥದ್ದು, ಹಾಗಾಗಿ ಬ್ಯಾಂಕು ಅವನನ್ನು ನಂಬಲಿಲ್ಲ. ನನ್ನನ್ನು ನಂಬಿತು. ನನ್ನ ಹೆಸರಿಗೆ ಪ್ಲಾಟಿನಂ ಕಾರ್ಡು ಬಂತು, ಅದರ ಬಾಲಕ್ಕೆ ಕಟ್ಟಿಕೊಂಡು ಅವನಿಗೊಂದು ಆಡ್-ಆನ್ ಕಾರ್ಡು. ಖಾತೆ ಒಂದು, ಕಾರ್ಡು ಎರಡು. ಅವನು ಎಲ್ಲಿ ಉಜ್ಜಿದರೂ ಟಿಂಗ್ ಅನ್ನುವುದು ನನ್ನ ಫೋನು. ಆಗೆಲ್ಲ ಆ ಸದ್ದು ಕೇಳಿದರೆ ನನಗೆ ಖುಷಿ. ಯಾವ ಊರು ಮುಟ್ಟಿದ, ಹೊತ್ತಿಗೆ ಸರಿಯಾಗಿ ಊಟ ಮಾಡಿದನೋ ಇಲ್ಲವೋ, ಎಲ್ಲ ಅವನು ಹೇಳುವ ಮೊದಲೇ ಗೊತ್ತಾಗುತ್ತಿತ್ತು.

ಆಮೇಲೆ ಅವನು ಬಿಟ್ಟುಹೋದ. ಹೇಳುವಂಥ ಕತೆಯೇನಲ್ಲ. ಅವನ ಆಫೀಸಿನಲ್ಲೇ ಲೆಕ್ಕ ಬರೆಯುವವಳು, ಇದೇ ಊರಿನ ಇನ್ನೊಂದು ತುದಿಯಲ್ಲಿ ಅವಳ ಮನೆ. ಹೋಗುವಾಗ ಒಳ್ಳೆಯ ಸೂಟ್‌ಕೇಸನ್ನು ತಾನು ತೆಗೆದುಕೊಂಡು, ಚಕ್ರ ಮುರಿದದ್ದನ್ನು ನನಗೆ ಬಿಟ್ಟ. ಅತ್ತೆ, ಕರೆದೆ, ಉಗಿದೆ, ಸುಮ್ಮನಾದೆ. ಸುಮ್ಮನಾದ ಮೇಲೆ ಒಂದೊಂದಾಗಿ ಅವನ ಹೆಸರು ಕೀಳುತ್ತ ಬಂದೆ. ಬಾಗಿಲ ಬೀಗ ಬದಲಾಯಿತು, ಹೆಸರಿನ ಫಲಕ ಬದಲಾಯಿತು, ಗ್ಯಾಸು ನನ್ನ ಹೆಸರಿಗೆ ಬಂತು. ಕೋರ್ಟಿಗೆ ಹೋಗುತ್ತೇನೆ ಅಂದಾಗ ಮಾತ್ರ ಅಮ್ಮ ಅಡ್ಡ ನಿಂತಳು. ಬೇರೆ ಇರು, ಮುರಿದುಕೊಳ್ಳಬೇಡ, ಕಾಗದದ ಮೇಲಾದರೂ ಇರಲಿ ಅಂದಳು. ಕಾಗದದ ಗಂಡನನ್ನು ಇಟ್ಟುಕೊಂಡು ಗಾಳಿಪಟ ಮಾಡಿ ಹಾರಿಸಲಾ ಅಂತ ಕೇಳಿದೆ. ಅಮ್ಮ ಮೂರು ದಿನ ಮಾತು ಬಿಟ್ಟಳು.

ಕೋರ್ಟು ಸದ್ಯಕ್ಕೆ ಇರಲಿ, ಕಾರ್ಡನ್ನಾದರೂ ಮುಚ್ಚುತ್ತೇನೆ ಅಂದುಕೊಂಡೆ. ನಮ್ಮಿಬ್ಬರ ಹೆಸರು ಒಟ್ಟಿಗೆ ಉಳಿದಿದ್ದ ಕೊನೆಯ ಜಾಗ ಅದು. ಅದೊಂದು ಹೋದರೆ ಉಸಿರು ಸರಾಗವಾಗುತ್ತದೆ ಅಂತ ನನಗೆ ನಿಜವಾಗಿ ಅನಿಸಿತ್ತು. ಬೆಣ್ಣೆಗೆ ಫೋನು ಮಾಡಿ ಹೇಗೆ ಮುಚ್ಚುವುದೋ ಹೇಳು ಅಂದೆ. ಅವನು ಸಂಜೆಗೆ ಮನೆಗೇ ಬಂದ, ಬರುವಾಗ ನನಗಿಷ್ಟದ ಬನ್ನು ತಂದ.

ಮುಚ್ಚುವುದು ದಡ್ಡತನ ಅಂತ ಅವನ ವಾದ. ಹಳೆಯ ಖಾತೆ, ಒಂದು ಸಲವೂ ತಡ ಮಾಡದೆ ಕಟ್ಟಿಕೊಂಡು ಬಂದಿದ್ದೀಯ, ಬ್ಯಾಂಕುಗಳ ಕಣ್ಣಿಗೆ ಅದೇ ನಿನ್ನ ಒಳ್ಳೆಯ ಹೆಸರು. ಮುಚ್ಚಿದರೆ ಆ ಹೆಸರು ಅಲ್ಲಿಗೆ ನಿಂತುಹೋಗುತ್ತದೆ. ನಾಳೆ ಪಿಂಗಾಣಿ ಹಲ್ಲು ಸುಡುವ ಒಲೆಗೆ ಸಾಲ ಬೇಕು ಅಂತೀಯಲ್ಲ, ಆಗ ಯಾರು ಕೊಡುತ್ತಾರೆ? ಆ ಒಲೆಯ ಮಾತು ನಾನು ಅವನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಸರಿಯಾದ ಜಾಗದಲ್ಲೇ ಕೈಯಿಟ್ಟ.

"ಪ್ಲಾಟಿನಂ ಬೇಡ, ಕೆಳಗಿನ ಕಾರ್ಡಿಗೆ ಇಳಿಸ್ಕೋ ಅಕ್ಕ. ವರ್ಷದ ಫೀಸು ಇಲ್ಲ, ಸೋಫಾನೂ ಇಲ್ಲ, ಖಾತೆ ಮಾತ್ರ ಅದೇ ಇರುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ನಂಗೆ ಹಾವು ಸಾಯ್ಬೇಕು ಕಣೋ" ಅಂದೆ.

ನಕ್ಕ. ಗಂಡನ ಕಾರ್ಡಿನ ಕತೆ ಏನು ಅಂತ ಕೇಳಿದ್ದಕ್ಕೆ ಅದೆಲ್ಲ ನಾನು ನೋಡಿಕೊಳ್ಳುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ ಅಂದ. ಹುಟ್ಟಿದಾಗ ನನ್ನ ಮಡಿಲಲ್ಲಿ ಮಲಗಿದ್ದವನು. ನಂಬದೆ ಏನು ಮಾಡಲಿ?

ಒಂದೇ ತೊಡಕು. ಅವನ ಬ್ಯಾಂಕಿನಲ್ಲಿ ನೆಂಟರ ಖಾತೆಯನ್ನು ಸಿಬ್ಬಂದಿ ಮುಟ್ಟುವಂತಿಲ್ಲ. ಗೊತ್ತಾದರೆ ಕೆಲಸದಿಂದಲೇ ತೆಗೆಯುತ್ತಾರೆ, ಮೇಲಾಗಿ ಅಲ್ಲಿ ಆಡಿದ ಪ್ರತಿ ಮಾತೂ ರೆಕಾರ್ಡಾಗುತ್ತದೆ. ನಮ್ಮಿಬ್ಬರ ಅಡ್ಡಹೆಸರು ಬೇರೆ ಬೇರೆಯಾದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ, ಆದರೆ ಫೋನಿನಲ್ಲಿ ಗುರುತೇ ಇಲ್ಲದವರ ಹಾಗೆ ಮಾತಾಡಬೇಕು ಅಂದ. ನಾನು ಮೇಡಂ ಅಂತೀನಿ, ನಗಬೇಡ. ಏನು ಕೇಳಿದರೂ ಹೂಂ ಅನ್ನು, ಅಡ್ಡಪ್ರಶ್ನೆ ಹಾಕಿದರೆ ಇಬ್ಬರೂ ಸಿಕ್ಕಿಬೀಳುತ್ತೇವೆ. ಹಾಗಂತ ಎರಡೆರಡು ಸಲ ಹೇಳಿ, ಉಳಿದ ಬನ್ನು ತಾನೇ ತಿಂದು ಹೋದ.

ಮಾರನೆಯ ದಿನ ಫೋನು ಬಂದಾಗ ನನ್ನ ಕೈಯೆಲ್ಲ ಪ್ಲಾಸ್ಟರು. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡೆ. ಶುಭ ಮಧ್ಯಾಹ್ನ ಮೇಡಂ, ತಮ್ಮ ಅಮೂಲ್ಯ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ ಅಂತ ಶುರುಮಾಡಿದ. ಮೂಗು ಸೋರಿಸಿಕೊಂಡು ನನ್ನ ಲಂಗ ಹಿಡಿದು ಓಡಾಡುತ್ತಿದ್ದವನ ಬಾಯಲ್ಲಿ ಅಮೂಲ್ಯ ಸಮಯ! ನಗು ತಡೆಯುವುದಕ್ಕೆ ತುಟಿ ಕಚ್ಚಿ ಹಿಡಿದೆ. ಅವನು ಓದುತ್ತಾ ಹೋದ, ನಾನು ಕೋಲೆ ಬಸವನ ಹಾಗೆ ಹೂಂ ಹೂಂ ಅನ್ನುತ್ತಾ ಹೋದೆ. ಖಾತೆಯಲ್ಲಿ ಈಗ ಇರೋದೆಲ್ಲ ಹಾಗೇ ಮುಂದುವರೀಲಾ ಮೇಡಂ ಅಂತ ಒಂದು ಕಡೆ ಕೇಳಿದ. ಹೂಂ ಅಂದೆ. ಎದುರಿಗಿದ್ದ ಪ್ಲಾಸ್ಟರು ಗಟ್ಟಿಯಾಗುತ್ತಿತ್ತು, ನನಗೆ ಅದರದೇ ಚಿಂತೆ.

ಹೊಸ ಕಾರ್ಡು ಬಂತು, ಬೂದಿ ಬಣ್ಣದ್ದು. ಹಳೆಯದನ್ನು ತಂತಿ ಕತ್ತರಿಸುವ ಇಕ್ಕಳದಲ್ಲಿ ಚೂರು ಚೂರು ಮಾಡಿದೆ. ಆ ದಿನ ಅನ್ನ ರುಚಿಸಿತು.

ಕೆಲವು ದಿನ ಕಳೆದು ಫೋನು ಟಿಂಗ್ ಅಂದಿತು. ಪೆಟ್ರೋಲು ಬಂಕು. ನನಗೆ ಸ್ಕೂಟರು ಕೂಡ ಇಲ್ಲ, ಗಂಡನ ಕಾರ್ಡು ನಿಂತಿತು ಅಂತಲೇ ನನ್ನ ನಂಬಿಕೆ. ಯಾರೋ ಕಳ್ಳರು ನುಗ್ಗಿದ್ದಾರೆ ಅಂತ ಬೆಣ್ಣೆಗೆ ಹೇಳಿದರೆ, ಗಾಬರಿ ಬೀಳಬೇಡ, ಸಿಸ್ಟಮ್ಮಿನಲ್ಲಿ ಏನೋ ಹಿಂದೆಮುಂದೆ ಆಗಿದೆ, ಬರೋ ವಾರ ಸರಿಮಾಡುತ್ತೇನೆ ಅಂದ. ಬರೋ ವಾರ ಬಂತು. ಅದರ ಜೊತೆಗೆ ಸಿನಿಮಾ ಟಿಕೆಟ್ಟು ಬಂತು, ಹೋಟೆಲು ಬಂತು, ಹೆಂಗಸರ ಬಟ್ಟೆ ಅಂಗಡಿ ಬಂತು. ತಿಂಗಳ ಕೊನೆಗೆ ಬಿಲ್ಲು ಬರುವುದರೊಳಗೆ ಪೂರ್ತಿ ಹಣ ಯಾರೋ ಕಟ್ಟಿದ್ದರು. ಯಾವ ಕಳ್ಳ ಹಾಗೆ ಕಟ್ಟುತ್ತಾನೆ? ಆಗ ನನಗೆ ತಿಳಿಯಿತು. ಬೆಣ್ಣೆಯನ್ನು ಹಿಡಿದು ಕೇಳಿದೆ. ಭಾವನ ಕಾರ್ಡು ಇನ್ನೂ ನಡೀತಿದೆ ಅಕ್ಕ, ಸ್ವಲ್ಪ ತಡಿ, ಭಾವ ನಿಯತ್ತಾಗಿ ಕಟ್ಟುತ್ತಿದ್ದಾರಲ್ಲ, ನಿನ್ನ ಹೆಸರೇ ಮೇಲೆ ಹೋಗುತ್ತಿದೆ ಅಂದ. ನಿಯತ್ತು ಅನ್ನುವ ಮಾತನ್ನು ಆ ಮನುಷ್ಯನಿಗೆ ಅಂಟಿಸಿದ ಮೊದಲನೆಯವನು ನನ್ನ ತಮ್ಮನೇ ಇರಬೇಕು.

ಅಂದೇ ಜಗಳ ತೆಗೆದು ನಿಲ್ಲಿಸಬೇಕಿತ್ತು ಅಂತ ನಿಮಗನಿಸಬಹುದು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಆ ಸದ್ದಿಗೆ ಕಾಯತೊಡಗಿದ್ದೆ. ಮೇಣದಲ್ಲಿ ಹಲ್ಲು ಜೋಡಿಸುತ್ತಾ ಕೂತಿದ್ದರೂ ಕಿವಿ ಫೋನಿನ ಕಡೆಗೇ. ಹುಣ್ಣು ಅಂತ ಗೊತ್ತಿದ್ದೂ ನಾಲಿಗೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ. ಅವರು ಎಲ್ಲಿ ಉಂಡರು, ಏನು ಕೊಂಡರು, ಯಾವ ದಿನ ಮನೆಯಲ್ಲೇ ಇದ್ದರು, ಎಲ್ಲ ನನಗೆ ಗೊತ್ತಾಗುತ್ತಿತ್ತು. ಮನೆಯಲ್ಲಿದ್ದಾಗ ಕೂಡ ಅವನು ನನಗೆ ಇಷ್ಟು ಲೆಕ್ಕ ಒಪ್ಪಿಸಿರಲಿಲ್ಲ.

ಆಮೇಲೆ ಹೆರಿಗೆ ಆಸ್ಪತ್ರೆಯ ಔಷಧಿ ಅಂಗಡಿ ಬಂತು. ಒಂದು ಸಲ, ಮತ್ತೊಂದು ಸಲ. ಯಂತ್ರ ಮಾರಲು ಹೋಗಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಎಷ್ಟು ಬುದ್ಧಿ ನೋಡಿ ನನಗೆ.

ಒಂದು ದಿನ ಬೆಳಿಗ್ಗೆ ಒಬ್ಬ ಮುದುಕರ ಕೆಳಸೆಟ್ಟು ತಿಕ್ಕಿ ಹೊಳಪು ಕೊಡುತ್ತಿದ್ದೆ, ಫೋನು ಸದ್ದು ಮಾಡಿತು. ತೊಟ್ಟಿಲಂಗಡಿ. ಮಾರುಕಟ್ಟೆ ಬೀದಿಯ ಕೊನೆಯಲ್ಲಿ, ಮರದ ಸಾಮಾನಿನವನ ಪಕ್ಕದ್ದು. ಆ ಅಂಗಡಿ ನನಗೆ ಗೊತ್ತು. ನಮಗೂ ಒಂದು ಸಲ ಮಗು ಆಗುವುದರಲ್ಲಿತ್ತು. ಇನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ, ಅಷ್ಟಕ್ಕೇ ಇಬ್ಬರೂ ಅಲ್ಲಿಗೆ ಹೋಗಿದ್ದೆವು. ಬಿಳಿ ಬಣ್ಣದ ಒಂದನ್ನು ಅವನು ಬೆರಳಲ್ಲಿ ತೂಗಿ ನೋಡಿ, ಈಗಲೇ ಬೇಡ, ಆಮೇಲೆ ಬಂದು ಒಯ್ಯೋಣ ಅಂದಿದ್ದ. ಆ ಆಮೇಲೆ ಬರಲೇ ಇಲ್ಲ. ಮಗು ನಿಲ್ಲಲಿಲ್ಲ, ಮತ್ತೆ ಆಗಲೂ ಇಲ್ಲ. ಈಗ ಬಂದು ಒಯ್ದಿದ್ದಾನೆ, ನನ್ನ ಖಾತೆಯಲ್ಲಿ. ತೊಟ್ಟಿಲು ನಿಮ್ಮದು ಅಂತ ಬ್ಯಾಂಕು ನನಗೆ ತಿಳಿಸಿ ಧನ್ಯವಾದ ಹೇಳಿದೆ. ಕೈಯಲ್ಲಿದ್ದ ಸೆಟ್ಟು ಜಾರಿ ಬಿದ್ದು ಎರಡು ಹೋಳಾಯಿತು. ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅವನು ಹೋದ ದಿನ ಕೂಡ ಹಾಗೆ ಅತ್ತಿರಲಿಲ್ಲ.

ಮುಖ ತೊಳೆದುಕೊಂಡು ಅಮ್ಮನ ಮನೆಗೆ ಹೋದೆ. ಬೆಣ್ಣೆ ಅಲ್ಲೇ ಇದ್ದ, ರಜೆ. ಅವನ ಫೋಟೋ ಹಾಕಿದ ಒಂದು ಪ್ರಶಸ್ತಿಪತ್ರವನ್ನು ಅಮ್ಮ ಗೋಡೆಗೆ ಹೊಡೆಸುತ್ತಿದ್ದಳು. ಅತಿ ಹೆಚ್ಚು ಖಾತೆ ಉಳಿಸಿದವನು ಅಂತ ಕೊಟ್ಟದ್ದಂತೆ. ಎರಡೂ ಕಾರ್ಡು ಸಮೇತ ಉಳಿದರೆ ಪೂರ್ತಿ ಅಂಕ, ಒಂದು ಕಾರ್ಡು ಹೋದರೆ ಅರ್ಧ ಅಂತ ಈ ಹಿಂದೆ ಅವನೇ ಮಾತಿನ ಮಧ್ಯೆ ಹೇಳಿದ್ದು ಆಗ ನೆನಪಾಯಿತು. ಫೋನು ತೆಗೆದು ಅಮ್ಮನ ಕೈಯಲ್ಲಿಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಅವಳ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ, ಬೇಜಾರು ಮಾತ್ರ ಕಂಡಿತು.

ಬೈಯಬೇಡ ಅವನನ್ನ, ನಾನೇ ಹೇಳಿದ್ದು ಅಂದಳು. ಒಂದು ಎಳೆಯಾದರೂ ಇರಲಿ, ಅದನ್ನ ಹಿಡಿದುಕೊಂಡು ವಾಪಸು ಬಂದಾರು ಅಂತ. ಅಳಿಯಂದಿರ ಹತ್ತಿರ ಇವನು ಆಗಾಗ ಮಾತಾಡುತ್ತಾನೆ, ನಿನ್ನದು ದೊಡ್ಡ ಮನಸ್ಸು ಅಂತ ಅವರೇ ಹೇಳಿದರಂತೆ. ನನಗೆ ಮೈಯೆಲ್ಲ ಉರಿಯಿತು. ಕಾರ್ಡನ್ನು ನಾನೇ ಬೇಕೆಂದು ಉಳಿಸಿದ್ದೇನೆ ಅಂತ ಗಂಡ ತಿಳಿದುಕೊಂಡಿದ್ದಾನೆ. ನನ್ನ ಆಶೀರ್ವಾದದಿಂದ ತೊಟ್ಟಿಲು ಕೊಂಡಿದ್ದಾನೆ.

ಬೆಣ್ಣೆಯ ಕಡೆ ತಿರುಗಿದೆ. ನನಗೆ ಬೇಕಾಗಿದ್ದದ್ದು ಒಂದೇ ಮಾತು, ತಪ್ಪಾಯಿತು ಅಕ್ಕ ಅನ್ನುವುದು. ಅಷ್ಟು ಅಂದಿದ್ದರೆ ಅಲ್ಲೇ ಎರಡೇಟು ಹಾಕಿ ತಬ್ಬಿಕೊಂಡು ಅತ್ತುಬಿಡುತ್ತಿದ್ದೆ. ಅವನು ಸುತ್ತಿಗೆ ಕೆಳಗಿಟ್ಟು, ಗೋಡೆ ನೋಡಿಕೊಂಡು ಹೇಳಿದ.

"ನಾನು ಕೇಳಿದೆ, ನೀನೇ ಹೂಂ ಅಂದೆ ಅಕ್ಕ. ರೆಕಾರ್ಡಿಂಗ್ ಇದೆ."

ಫೋನು ತೆಗೆದುಕೊಂಡು ಮನೆಗೆ ಬಂದೆ.

ಮಾರನೆಯ ದಿನ ಬ್ಯಾಂಕಿನ ನಂಬರಿಗೆ ನಾನೇ ಹಚ್ಚಿದೆ. ಒಂದು ಸಲ ಉಳಿಸಿಕೊಂಡ ಖಾತೆ ವರ್ಷದೊಳಗೆ ಮತ್ತೆ ಮುಚ್ಚಲು ಬಂದರೆ, ಉಳಿಸಿದವನ ಹತ್ತಿರವೇ ಹೋಗುತ್ತದೆ. ಅವನು ಕೊಯ್ದ ಬೆಳೆ, ಅವನೇ ಕಾಯಬೇಕು. ಸಂಗೀತ ಹಾಕಿ ಕಾಯಿಸಿದರು. ಆಮೇಲೆ ಶುಭ ಮಧ್ಯಾಹ್ನ ಮೇಡಂ ಅನ್ನುವ ಗುರುತಿನ ದನಿ, ನನ್ನ ಖಾತೆ ಅವನ ಪರದೆಯ ಮೇಲೆ ಬರುತ್ತಿದ್ದ ಹಾಗೇ ನಿಂತುಹೋಯಿತು.

ಆ ಗಳಿಗೆಯಲ್ಲಿ ಅವನ ಅನ್ನ ನನ್ನ ನಾಲಿಗೆಯ ಮೇಲಿತ್ತು. ಏನೋ ತಮ್ಮ, ಚೆನ್ನಾಗಿದೀಯಾ ಅಂತ ಒಂದು ಮಾತು ಅಂದಿದ್ದರೆ ಮುಗಿಯಿತು, ಸಂಜೆಯೊಳಗೆ ಅವನ ಕುರ್ಚಿ ಖಾಲಿ. ಅವನಿಗೂ ಅದು ಗೊತ್ತಿತ್ತು. ಆಡಲೇಬೇಕು ಅಂದುಕೊಂಡೇ ಫೋನು ಹಚ್ಚಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಬಾಯಿಂದ ಬಂದದ್ದು ಬೇರೆ.

"ಸಾರ್, ನನ್ನ ಕಾರ್ಡು ಮುಚ್ಚಬೇಕು. ಎರಡೂ" ಅಂದೆ.

ಅಲ್ಲಿನ ನಿಯಮದಂತೆ ಮುಚ್ಚುವ ಮೊದಲು ಮೂರು ಸಲ ತಡೆದು ನೋಡಬೇಕು. ಇನ್ನೂ ಕೆಳಗಿನ ಕಾರ್ಡು ಒಂದಿದೆ ಮೇಡಂ ಅಂದ. ಬೇಡ ಸಾರ್ ಅಂದೆ. ಒಂದು ತಿಂಗಳು ಯೋಚನೆ ಮಾಡಬಹುದು ಮೇಡಂ ಅಂದ, ದನಿ ಸಣ್ಣಗಾಗಿತ್ತು. ಬೇಡ ಸಾರ್. ಕಾರಣ ತಿಳಿದುಕೊಳ್ಳಬಹುದಾ ಅಂತ ಕೇಳಿದ. ಅದು ಅವನ ಚೀಟಿಯಲ್ಲಿದ್ದ ಪ್ರಶ್ನೆ, ಕೇಳದೆ ಇದ್ದರೆ ಅಂಕ ಕಳೆಯುತ್ತಾರೆ.

"ಬರ್ಕೊಳ್ಳಿ ಸಾರ್" ಅಂದೆ. "ನನ್ನ ಗಂಡ ಬೇರೆ ಮನೆಗೆ ಹೋದ್ರು. ಅಲ್ಲಿ ಮಗು ಬರ್ತಾ ಇದೆ. ತೊಟ್ಟಿಲು ನನ್ನ ಖಾತೇಲಿ ತಗೊಂಡಿದಾರೆ. ಮುಚ್ಚಿ ಅಂತ ಹೇಳೋಕೆ ಬಂದವಳಿಗೆ ನಿಮ್ಮವರೊಬ್ಬರು ಇಳಿಸ್ಕೊಳ್ಳಿ ಅಂದ್ರು. ನಂಬಿದೆ. ರೆಕಾರ್ಡಿಂಗ್ ಇದೆ, ಬೇಕಾದ್ರೆ ಕೇಳ್ಕೊಳ್ಳಿ."

ಅಕ್ಕಪಕ್ಕದ ಮೇಜುಗಳಲ್ಲಿ ಬೇರೆಯವರು ಬೇರೆ ಯಾರನ್ನೋ ಉಳಿಸಿಕೊಳ್ಳುತ್ತಿದ್ದದ್ದು ಕೇಳಿಸಿತು.

"ಫೀಸು ಹೆಚ್ಚು, ಸೇವೆ ಸರಿಯಿಲ್ಲ, ಇತರೆ, ಇಷ್ಟೇ ಇದೆ ಮೇಡಂ" ಅಂದ. "ಇತರೆ ಅಂತ ಹಾಕ್ಲಾ?"

ಹೂಂ ಅಂದೆ. ಇನ್ನೇನಾದರೂ ಸಹಾಯ ಬೇಕಿತ್ತಾ ಮೇಡಂ ಅಂತ ಕೊನೆಯ ಪ್ರಶ್ನೆಯನ್ನೂ ಕೇಳಿದ, ಪಾಪ, ಕೇಳಲೇಬೇಕಲ್ಲ. ಇಲ್ಲ ಸಾರ್ ಅಂದೆ. ಖಾತೆ ಮುಚ್ಚಿತು. ವಕೀಲರೊಬ್ಬರಿಗೆ ಫೋನು ಮಾಡಿ, ಅದೇ ವಾರ ಹೋಗಿ ಕೋರ್ಟಿನ ಕೆಲಸವನ್ನೂ ಶುರುಮಾಡಿಸಿ ಬಂದೆ. ಅಮ್ಮನನ್ನು ಕೇಳಲಿಲ್ಲ.

ಭಾನುವಾರ ಬೆಣ್ಣೆ ಮನೆಗೆ ಬಂದ. ಕೆಲಸ ಉಳಿದಿತ್ತು, ಅಂಕ ಮಾತ್ರ ಕಿತ್ತುಕೊಂಡಿದ್ದರು. ಕೈಯಲ್ಲಿ ಬನ್ನಿನ ಪೊಟ್ಟಣ. ಯಾವಾಗಲೂ ಒಳಗೆ ನುಗ್ಗಿ ನೇರ ಅಡುಗೆಮನೆಗೆ ಹೋಗುವವನು ಬಾಗಿಲಲ್ಲೇ ನಿಂತ. ನನಗೆ ಅವನ ಮೇಲೆ ಸಿಟ್ಟಿತ್ತು, ಕರುಳೂ ಚುರುಕ್ ಅಂದಿತು. ಅವನ ಜೊತೆ ಮಾತು ಬಿಡುವುದು ನನ್ನಿಂದ ಸಾಧ್ಯವಿಲ್ಲ. ಇರುವುದು ಒಬ್ಬ ತಮ್ಮ. ಮುಚ್ಚುವುದಕ್ಕೆ ಮನಸ್ಸು ಬರಲಿಲ್ಲ.

"ಬನ್ನಿ, ಕೂತ್ಕೊಳ್ಳಿ" ಅಂದೆ.

ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಗಲು ನೋಡಿದ. ನಾನು ಕುರ್ಚಿ ಎಳೆದು ಹಾಕಿದೆ, ಹೊರಗಿನವರು ಬಂದಾಗ ಹಾಕುವ ಕುರ್ಚಿ. ನೀರು ತಂದು ಕೊಟ್ಟೆ, ಕಾಫಿ ಕುಡಿಯುತ್ತೀರಾ ಅಂತ ಕೇಳಿದೆ. ಅಮ್ಮ ಹೇಗಿದ್ದಾರೆ, ನಿಮ್ಮ ಕೆಲಸ ಹೇಗೆ ನಡೆದಿದೆ ಅಂತ ವಿಚಾರಿಸಿದೆ. ಒಂದು ಮಾತೂ ಒರಟಾಗಿ ಆಡಲಿಲ್ಲ. ಅವನು ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಣ್ಣು ತುಂಬಿಕೊಂಡಿತ್ತು.

"ಬಯ್ದುಬಿಡು ಅಕ್ಕ. ಹೊಡಿ ಬೇಕಾದ್ರೆ. ಹೀಗೆ ನೀವು ಅಂತ ಕರೀಬೇಡ."

ನಾನು ಎದ್ದು ಅವನ ಮುಂದಿದ್ದ ಖಾಲಿ ಲೋಟ ತೆಗೆದುಕೊಂಡೆ.

"ಇನ್ನೇನಾದ್ರೂ ಸಹಾಯ ಬೇಕಿತ್ತಾ?" ಅಂತ ಕೇಳಿದೆ.